ಹತ್ತರ ಬಳಿಕ ಯಾವ ದಾರಿ?
ಗಡಿನಾಡಿನ ಮಕ್ಕಳ ಮುಂದಿರುವ ಆಯ್ಕೆಗಳು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದು ನಾಲ್ಕು ದಿನಗಳಾಗಿದ್ದವು. ಎಣ್ಮಕಜೆ ಭಾಗದ ಅಡಿಕೆ ಕೃಷಿಕರೊಬ್ಬರು ಸಂಜೆಯ ಹೊತ್ತಿಗೆ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಮಗಳು ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಗ್ರೇಡುಗಳೊಂದಿಗೆ ತೇರ್ಗಡೆಯಾಗಿದ್ದಳು. ತಂದೆಯ ಕೈಯಲ್ಲಿ ಗಡಿಯಾಚೆಯ ಕಾಲೇಜೊಂದರ ಬಣ್ಣದ ಕೈಪಿಡಿ ಇತ್ತು. ಜಗಲಿಯಲ್ಲಿ ಕುಳಿತು ಬೆಲ್ಲ ನೀರು ಕುಡಿದ ಮೇಲೆ ಅವರು ವಿಷಯಕ್ಕೆ ಬಂದರು.

“ಮಾಷ್ಟ್ರೇ, ಇವಳನ್ನು ಮಂಗಳೂರಿಗೆ ಸೇರಿಸುವ ಎಂದಿದ್ದೇನೆ. ಹಾಸ್ಟೆಲು, ಕೋಚಿಂಗು ಎಲ್ಲ ಸೇರಿ ಅವರು ಹೇಳುವ ಹಣಕ್ಕೆ ಇವಳಮ್ಮನ ಚಿನ್ನ ಅಡವು ಇಡಬೇಕು. ಇಡುವುದಕ್ಕೆ ಬೇಸರವಿಲ್ಲ. ಆದರೆ ಇಲ್ಲೇ ಪ್ಲಸ್ ವನ್‌ಗೆ ಹಾಕಿದರೆ ಮುಂದೆ ಕರ್ನಾಟಕದಲ್ಲಿ ಸೀಟು ಸಿಗುವುದೇ ಇಲ್ಲವಂತೆ, ಹೌದಾ?”

ಮಗಳು ಮಾತಾಡಲಿಲ್ಲ. ಕೈಪಿಡಿಯ ಹಾಳೆಗಳನ್ನು ಮಗುಚುತ್ತಿದ್ದಳು.

ಹೈಯರ್ ಸೆಕೆಂಡರಿ ತರಗತಿಗಳಲ್ಲಿ ಪಾಠ ಹೇಳಿ ನಿವೃತ್ತನಾದ ನನಗೆ ಈ ಪ್ರಶ್ನೆ ಹೊಸತಲ್ಲ. ಮಂಜೇಶ್ವರದಿಂದ ಮುಳ್ಳೇರಿಯದ ತನಕ ಕನ್ನಡದ ಮನೆಗಳಲ್ಲಿ ವರ್ಷವರ್ಷವೂ ಮೇ ತಿಂಗಳಲ್ಲಿ ಕೇಳಿಬರುವ ಪ್ರಶ್ನೆಯೇ ಇದು. ಇದರೊಳಗೆ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ: ಯಾವ ಪಠ್ಯಕ್ರಮ, ಯಾವ ವಿಷಯಗಳು, ಯಾವ ಊರು. ಮೂರನ್ನೂ ಒಂದೇ ಉಸಿರಿನಲ್ಲಿ ತೀರ್ಮಾನಿಸಲು ಹೊರಡುವುದರಿಂದಲೇ ಅನೇಕ ಮನೆಗಳು ತಪ್ಪುತ್ತವೆ. ಒಂದೊಂದಾಗಿ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಕಾಲೇಜಿನಿಂದ ಶಾಲೆಗೆ

ನಮ್ಮ ತಲೆಮಾರಿನವರಿಗೆ ಈ ಆಯ್ಕೆಯ ಕಷ್ಟ ಇಷ್ಟಿರಲಿಲ್ಲ. ಹತ್ತು ಮುಗಿಸಿದವರು ಪ್ರೀ ಡಿಗ್ರಿಗಾಗಿ ಕಾಲೇಜಿಗೆ ಹೋಗುತ್ತಿದ್ದರು. 1957ರಲ್ಲಿ ಆರಂಭವಾದ ಕಾಸರಗೋಡು ಸರಕಾರಿ ಕಾಲೇಜು, ಬಳಿಕ 1980ರಲ್ಲಿ ಬಂದ ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜು ಈ ಭಾಗದ ಮಕ್ಕಳಿಗೆ ಆಸರೆಯಾಗಿದ್ದವು. ಕೇರಳದಲ್ಲಿ 1990–91ರಲ್ಲಿ ಆಯ್ದ ಶಾಲೆಗಳಲ್ಲಿ ಹೈಯರ್ ಸೆಕೆಂಡರಿ ತರಗತಿಗಳು ಆರಂಭವಾದವು. ಮುಂದಿನ ಹತ್ತು ವರ್ಷಗಳಲ್ಲಿ ಪ್ರೀ ಡಿಗ್ರಿ ಕಾಲೇಜುಗಳಿಂದ ಸಂಪೂರ್ಣವಾಗಿ ಬೇರ್ಪಟ್ಟಿತು.

ಇದರಿಂದ ನಮಗಾದ ಲಾಭ ದೊಡ್ಡದು. ಪೈವಳಿಕೆ, ಪೆರ್ಲ, ನೀರ್ಚಾಲು, ಬದಿಯಡ್ಕ, ಆದೂರಿನಂತಹ ಒಳನಾಡುಗಳಲ್ಲಿ, ಮಗು ಹತ್ತನೆಯ ತರಗತಿ ಓದಿದ ಶಾಲೆಯ ಅಂಗಳದಲ್ಲೇ ಹನ್ನೊಂದು, ಹನ್ನೆರಡು ಓದುವ ಅವಕಾಶ ಒದಗಿತು. ದೂರದ ಕಾಲೇಜಿಗೆ ಕಳುಹಿಸಲು ಹಿಂಜರಿಯುತ್ತಿದ್ದ ಮನೆಗಳ ಹೆಣ್ಣುಮಕ್ಕಳು ಮುಂದೆ ಓದಿದ್ದು ಈ ಕಾರಣಕ್ಕೆ. ಮನೆಯಂಗಳದಲ್ಲಿ ಸಿಗುವುದಕ್ಕೆ ಬೆಲೆ ಕಡಿಮೆ ಎಂಬ ಭಾವನೆ ಹುಟ್ಟಿದ್ದೂ ಬಹುಶಃ ಅದೇ ಕಾರಣಕ್ಕೆ.

ನಾಲ್ಕು ದಾರಿಗಳು

ಇಂದು ಕಾಸರಗೋಡಿನ ಮಗುವಿನ ಮುಂದೆ ಮುಖ್ಯವಾಗಿ ನಾಲ್ಕು ದಾರಿಗಳಿವೆ.

ಮೊದಲನೆಯದು ಕೇರಳ ಹೈಯರ್ ಸೆಕೆಂಡರಿ. ಇಂಗ್ಲಿಷ್, ಒಂದು ಎರಡನೆಯ ಭಾಷೆ, ನಾಲ್ಕು ಐಚ್ಛಿಕ ವಿಷಯಗಳು, ಒಟ್ಟು ಆರು. ಇಲ್ಲಿನ ವಿಶೇಷವೆಂದರೆ ಪ್ಲಸ್ ವನ್ ಮತ್ತು ಪ್ಲಸ್ ಟು ಎರಡೂ ವರ್ಷಗಳ ಕೊನೆಗೆ ಸಾರ್ವಜನಿಕ ಪರೀಕ್ಷೆ ನಡೆದು, ಎರಡರ ಅಂಕಗಳೂ ಕೂಡಿ 1200ಕ್ಕೆ ಲೆಕ್ಕವಾಗುತ್ತವೆ. ನಿರಂತರ ಮೌಲ್ಯಮಾಪನಕ್ಕೂ ಪ್ರಾಯೋಗಿಕ ಪರೀಕ್ಷೆಗೂ ಅದರಲ್ಲಿ ಪಾಲಿದೆ. ಮೊದಲ ವರ್ಷವನ್ನು ಹಗುರವಾಗಿ ತೆಗೆದುಕೊಂಡ ಮಗು ಎರಡನೆಯ ವರ್ಷದಲ್ಲಿ ಅದರ ಬೆಲೆ ತೆರುತ್ತದೆ.

ಎರಡನೆಯದು ವೊಕೇಶನಲ್ ಹೈಯರ್ ಸೆಕೆಂಡರಿ. 1983–84ರಲ್ಲಿ ಕೇರಳದಲ್ಲಿ ಆರಂಭವಾದ ಈ ಕ್ರಮ ಈಗ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿಗೆ ಹೊಂದಿಕೊಂಡು ನಡೆಯುತ್ತಿದೆ. ಮೊಗ್ರಾಲ್, ಮುಳ್ಳೇರಿಯದ ಸರಕಾರಿ ಶಾಲೆಗಳಲ್ಲಿ ಇದರ ತರಗತಿಗಳಿವೆ. ಒಂದು ವೃತ್ತಿಯ ತರಬೇತಿಯೊಂದಿಗೆ ವಿಜ್ಞಾನವನ್ನೋ ವಾಣಿಜ್ಯವನ್ನೋ ಓದಬಹುದು. ಮುಂದೆ ಪದವಿ ತರಗತಿಗೂ ಸೇರಬಹುದು. “ಅಂಕ ಕಡಿಮೆ ಬಂದವರಿಗೆ ಮಾತ್ರ” ಎಂದು ಇದನ್ನು ಬದಿಗೆ ಸರಿಸುವುದು ಅನ್ಯಾಯ. ಆದರೆ ಕನ್ನಡದ ಮನೆಗಳು ಗಮನಿಸಬೇಕಾದ ಸಂಗತಿಯೊಂದಿದೆ: ಇಲ್ಲಿ ಎರಡನೆಯ ಭಾಷೆಗೆ ಸ್ಥಳವಿಲ್ಲ. ಸೇರಿದ ಮಗುವಿನ ಕನ್ನಡ ಕಲಿಕೆ ಹತ್ತಕ್ಕೇ ನಿಲ್ಲುತ್ತದೆ.

ಮೂರನೆಯದು ಕೇಂದ್ರೀಯ ಪಠ್ಯಕ್ರಮ, ಅಂದರೆ ಸಿಬಿಎಸ್‌ಇ. ಕಾಸರಗೋಡಿನ ಕೇಂದ್ರೀಯ ವಿದ್ಯಾಲಯಗಳು, ಪೆರಿಯದ ಜವಾಹರ ನವೋದಯ ವಿದ್ಯಾಲಯ ಮತ್ತು ಖಾಸಗಿ ಶಾಲೆಗಳು ಈ ದಾರಿಯವು. ಇಲ್ಲಿ ಹನ್ನೊಂದನೆಯ ತರಗತಿಯ ಪರೀಕ್ಷೆ ಶಾಲೆಯ ಮಟ್ಟದ್ದು. ಮಂಡಳಿಯ ಪರೀಕ್ಷೆ ಹನ್ನೆರಡಕ್ಕೆ ಮಾತ್ರ.

ನಾಲ್ಕನೆಯದು ಗಡಿ ದಾಟಿ ಹೋಗುವ ದಾರಿ: ಕರ್ನಾಟಕದ ಪದವಿಪೂರ್ವ ಶಿಕ್ಷಣ. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯಗಳೆಂಬ ಚೌಕಟ್ಟು ಅಲ್ಲಿಯೂ ಅದೇ. ಅಂತಿಮ ಅಂಕಪಟ್ಟಿ ಮಾತ್ರ ದ್ವಿತೀಯ ಪಿಯುಸಿಯ 600 ಅಂಕಗಳನ್ನಷ್ಟೇ ಹೇಳುತ್ತದೆ. ಪ್ರಥಮ ವರ್ಷದ ಅಂಕ ಅದಕ್ಕೆ ಸೇರುವುದಿಲ್ಲ.

ಇವುಗಳಲ್ಲಿ ಯಾವುದು ಶ್ರೇಷ್ಠ? ಪ್ರಶ್ನೆಯೇ ಸರಿಯಿಲ್ಲ. ವರ್ಷವಿಡೀ ಸಮನಾಗಿ ದುಡಿಯುವ ಮಗುವಿಗೆ ಕೇರಳದ ಎರಡು ವರ್ಷಗಳ ಲೆಕ್ಕ ಅನುಕೂಲ. ನಿಧಾನವಾಗಿ ಹದಕ್ಕೆ ಬಂದು ಕೊನೆಗೆ ವೇಗ ಪಡೆಯುವ ಮಗುವಿಗೆ ಒಂದೇ ವರ್ಷದ ಲೆಕ್ಕ ಹಿತ. ಮಗುವಿನ ಸ್ವಭಾವವನ್ನು ಬಲ್ಲವರು ಮನೆಯವರು. ಕೈಪಿಡಿ ಅಚ್ಚು ಹಾಕಿಸಿದವರಲ್ಲ.

ಗಡಿಯ ಎರಡೂ ಕಡೆ ಒಂದೇ ಪುಸ್ತಕ

ಮಂಗಳೂರಿನ ಆಕರ್ಷಣೆ ನಮಗೆ ಸಹಜವಾದದ್ದು. 1956ರ ನವೆಂಬರ್ 1ರಂದು ಆಡಳಿತದ ಗೆರೆ ಬೇರೆಯಾದರೂ ಆಸ್ಪತ್ರೆಗೂ ಮಾರುಕಟ್ಟೆಗೂ ಮದುವೆಯ ಜವಳಿಗೂ ನಾವು ಹೋಗುವುದು ಅಲ್ಲಿಗೇ. ಕಾಸರಗೋಡಿನಿಂದ ಸುಮಾರು ಐವತ್ತು ಕಿಲೋಮೀಟರು. ಕುಂಬಳೆ, ಉಪ್ಪಳ, ಮಂಜೇಶ್ವರದಲ್ಲಿ ಬೆಳಗಿನ ರೈಲು ಹತ್ತುವ ವಿದ್ಯಾರ್ಥಿಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಲ್ಲಿ ಕನ್ನಡದ ವಾತಾವರಣವಿದೆ, ಒಳ್ಳೆಯ ಕಾಲೇಜುಗಳಿವೆ, ನುರಿತ ಅಧ್ಯಾಪಕರಿದ್ದಾರೆ. ಇದನ್ನು ಅಲ್ಲಗಳೆಯಲಾಗದು. ಆದರೆ ಚಿನ್ನ ಅಡವಿಡುವ ಮುನ್ನ ಎರಡು ಸಂಗತಿಗಳನ್ನು ತಿಳಿದಿರಬೇಕು.

ಒಂದು: ಕೇರಳದ ಪ್ಲಸ್ ಟು ವಿಜ್ಞಾನವೂ ಕರ್ನಾಟಕದ ಪಿಯುಸಿ ವಿಜ್ಞಾನವೂ ಆಧರಿಸಿರುವುದು ಎನ್‌ಸಿಇಆರ್‌ಟಿ ಪಠ್ಯವನ್ನೇ. ತಲಪಾಡಿಯ ಆಚೆ ಓದುವ ಭೌತಶಾಸ್ತ್ರ ಈಚೆಯದಕ್ಕಿಂತ ಬೇರೆಯಲ್ಲ. ವೈದ್ಯಕೀಯಕ್ಕೆ ಎರಡೂ ಕಡೆಯವರು ಬರೆಯುವುದು ಒಂದೇ ನೀಟ್ ಪರೀಕ್ಷೆ. ಎಂಜಿನಿಯರಿಂಗಿಗೆ ಕೇರಳದಲ್ಲಿ ಕೀಮ್, ಕರ್ನಾಟಕದಲ್ಲಿ ಸಿಇಟಿ. ಎರಡರಲ್ಲಿಯೂ ಹನ್ನೆರಡನೆಯ ತರಗತಿಯ ಅಂಕಕ್ಕೂ ಪ್ರವೇಶ ಪರೀಕ್ಷೆಗೂ ಸಮಪಾಲು. ಕೋಚಿಂಗಿಗೆ ಮಾತ್ರ ಓಡಿ ತರಗತಿಯ ಪಾಠವನ್ನು ಕಡೆಗಣಿಸಿದರೆ ಎಲ್ಲಿಯೂ ಲಾಭವಿಲ್ಲ.

ಎರಡು: “ಎರಡು ವರ್ಷ ಅಲ್ಲಿ ಓದಿದರೆ ಕರ್ನಾಟಕದ ಸೀಟು, ಇಲ್ಲಿ ಓದಿದರೆ ಇಲ್ಲ” ಎಂಬ ನಂಬಿಕೆ ತಪ್ಪು. ಸರಕಾರಿ ಸೀಟಿಗೆ ಕರ್ನಾಟಕದ ಸಾಮಾನ್ಯ ನಿಯಮ ಕೇಳುವುದು ಆ ರಾಜ್ಯದಲ್ಲಿ 7 ಶೈಕ್ಷಣಿಕ ವರ್ಷಗಳ ಓದನ್ನು. ಪಿಯುಸಿಯ ಎರಡೇ ವರ್ಷಗಳಿಂದ ಅದು ತುಂಬುವುದಿಲ್ಲ. ನಮ್ಮ ಮಕ್ಕಳಿಗಾಗಿ ಇರುವುದು ಬೇರೆಯೇ ಒಂದು ನಿಯಮ, ಗಡಿನಾಡ ಕನ್ನಡಿಗರಿಗೆ ಕೊಟ್ಟಿರುವ ಅವಕಾಶ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳಂತೆಯೇ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆಂಧ್ರದ ಆದೋನಿ, ರಾಯದುರ್ಗ, ಮಡಕಶಿರ ತಾಲೂಕುಗಳೂ ಆ ಪಟ್ಟಿಯಲ್ಲಿವೆ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯಾಗಿದ್ದು, ಈ ಪ್ರದೇಶಗಳಲ್ಲಿ ವಾಸವಾಗಿದ್ದು ಓದಿದ ಮಕ್ಕಳು ಸಿಇಟಿಯ ಜೊತೆಗೆ ಕನ್ನಡ ಭಾಷಾ ಪರೀಕ್ಷೆಯೊಂದನ್ನು ಬರೆದು ಅರ್ಹರಾಗಬಹುದು.

ಅಂದರೆ ಊರಿನ ಶಾಲೆಯಲ್ಲಿ ಓದಿದ ವರ್ಷಗಳು ಈ ಮಕ್ಕಳಿಗೆ ಅಡ್ಡಿಯಲ್ಲ. ಅರ್ಹತೆಯ ಬುನಾದಿಯೇ ಅವು. ಜನ್ಮತಃ ಕೇರಳದವರಾದ್ದರಿಂದ ಕೇರಳದ ಬಾಗಿಲು ಹೇಗೂ ತೆರೆದೇ ಇರುತ್ತದೆ. ಎರಡು ರಾಜ್ಯಗಳ ನಡುವೆ ಸಿಕ್ಕಿಬಿದ್ದವರು ನಾವು ಎಂದು ಗೋಳಾಡಿದ್ದು ಸಾಕಷ್ಟಾಯಿತು. ಈ ಒಂದು ವಿಷಯದಲ್ಲಾದರೂ ನಮ್ಮ ಮಕ್ಕಳು ಎರಡು ಬಾಗಿಲುಗಳ ಮಕ್ಕಳು. ಬೇಕಾದ ವಾಸ್ತವ್ಯ ಪತ್ರ, ವ್ಯಾಸಂಗ ಪತ್ರ, ಮಾತೃಭಾಷೆಯ ದೃಢೀಕರಣಗಳನ್ನು ಕೊನೆಯ ದಿನಕ್ಕೆ ಬಿಡದೆ ಆಯಾ ವರ್ಷದ ಪ್ರಕಟಣೆ ನೋಡಿ ಮೊದಲೇ ಸಿದ್ಧಪಡಿಸಿಕೊಂಡರಾಯಿತು.

ಇನ್ನೊಂದು ನೆನಪು. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿ ರಸ್ತೆಗೆ ಮಣ್ಣು ಸುರಿದಾಗ, ದಿನವೂ ಅತ್ತಿತ್ತ ಓಡಾಡಿ ಓದುತ್ತಿದ್ದ ಮಕ್ಕಳು ಏನಾದರೆಂಬುದನ್ನು ನಾವು ಕಂಡಿದ್ದೇವೆ. ಅಂಥ ದಿನಗಳು ಮತ್ತೆ ಬಾರದಿರಲಿ. ಆದರೆ ಗಡಿ ದಾಟುವ ದಾರಿಗೆ ಅದರದೇ ಆದ ಭಾರವಿದೆ ಎಂಬುದನ್ನು ಮರೆಯಬಾರದು.

ಭಾಷೆ ಬದಲಾಗುವ ಮೂರು ತಿಂಗಳು

ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿದ ಮಗುವಿಗೆ ನಿಜವಾದ ಗಡಿ ತಲಪಾಡಿಯದ್ದಲ್ಲ. ಅದು ಹನ್ನೊಂದನೆಯ ತರಗತಿಯ ಹೊಸ್ತಿಲು. ನಿನ್ನೆಯವರೆಗೆ ‘ಸಂವೇಗ’ವಾಗಿದ್ದದ್ದು ಇಂದು ‘ಮೊಮೆಂಟಮ್’. ‘ವೇಗೋತ್ಕರ್ಷ’ ಹೋಗಿ ‘ಆಕ್ಸಲರೇಶನ್’. ‘ದ್ಯುತಿಸಂಶ್ಲೇಷಣೆ’ಯ ಜಾಗದಲ್ಲಿ ‘ಫೋಟೋಸಿಂಥೆಸಿಸ್’. ಪುಸ್ತಕ ಇಂಗ್ಲಿಷಿನದು. ಅಧ್ಯಾಪಕರು ವಿವರಿಸುವುದು ಅನೇಕ ಕಡೆ ಮಲೆಯಾಳದಲ್ಲಿ. ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಮರಾಠಿಯನ್ನೋ ಆಡುವ ಮಗು ತರಗತಿಯ ಹಿಂದಿನ ಬೆಂಚಿನಲ್ಲಿ ಮೌನವಾಗುತ್ತದೆ. ಈ ಮೌನವನ್ನು ದಡ್ಡತನವೆಂದು ತಿಳಿದ ಅಧ್ಯಾಪಕರಿದ್ದಾರೆ. ಅದಕ್ಕಿಂತ ನೋವಿನ ಸಂಗತಿ, ಹಾಗೆಂದು ತಿಳಿದುಕೊಂಡ ಮಕ್ಕಳೂ ಇದ್ದಾರೆ.

ನಾನು ಕಂಡ ಮಟ್ಟಿಗೆ ಈ ಕಷ್ಟದ ಅವಧಿ ಸುಮಾರು ಮೂರು ತಿಂಗಳು. ಓಣಂ ರಜೆಯ ಹೊತ್ತಿಗೆ ಹೆಚ್ಚಿನವರು ದಡ ಸೇರುತ್ತಾರೆ. ದಡ ಸೇರಿಸುವ ಉಪಾಯ ದುಬಾರಿಯದೇನಲ್ಲ. ಒಂದು ನೋಟ್ ಪುಸ್ತಕವನ್ನು ನಡುವೆ ಗೆರೆ ಎಳೆದು ಎರಡು ಮಾಡಿ, ಎಡಕ್ಕೆ ಹತ್ತನೆಯ ತರಗತಿಯಲ್ಲಿ ಕಲಿತ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ ಬರೆಯುತ್ತ ಹೋಗಬೇಕು. ಅರ್ಥ ಗೊತ್ತಿರುವ ವಿಷಯಕ್ಕೆ ಹೊಸ ಹೆಸರು ಕಲಿಯುವುದಷ್ಟೇ ಆಗ ಉಳಿಯುವ ಕೆಲಸ. ಮಾತೃಭಾಷೆಯಲ್ಲಿ ಗಟ್ಟಿಯಾಗಿ ಕಲಿತವರು ಆ ಮೂರು ತಿಂಗಳು ದಾಟಿದ ಮೇಲೆ ಹಿಂದೆ ಬಿದ್ದದ್ದನ್ನು ನಾನು ಕಂಡದ್ದು ಕಡಿಮೆ. ಆದ್ದರಿಂದ ಹೆತ್ತವರು ಈ ದಿನಗಳಲ್ಲಿ ಮಗುವಿನ ಬಳಿಯಲ್ಲಿರುವುದು ಮುಖ್ಯ. ಮಗುವನ್ನು ದೂರದ ಹಾಸ್ಟೆಲಿಗೆ ಬಿಡುವವರು, ಭಾಷೆ ಬದಲಾಗುವ ಕಷ್ಟವೂ ಮನೆ ಬಿಟ್ಟ ಕಷ್ಟವೂ ಒಟ್ಟಿಗೇ ಬರುತ್ತವೆ ಎಂಬುದನ್ನು ಯೋಚಿಸಬೇಕು.

ವಿಷಯಗಳ ಆಯ್ಕೆ: ಮುಚ್ಚುವ ಬಾಗಿಲು, ತೆರೆದಿರುವ ಬಾಗಿಲು

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಹಿಂದೆ, ಲೆಕ್ಕಪತ್ರದಲ್ಲಿ ಆಸಕ್ತಿಯಿದ್ದ ಹುಡುಗನೊಬ್ಬ ವಾಣಿಜ್ಯ ತೆಗೆದುಕೊಳ್ಳುತ್ತೇನೆಂದು ನನ್ನಲ್ಲಿ ಹೇಳಿದ್ದ. “ಇಷ್ಟು ಒಳ್ಳೆಯ ಅಂಕವಿದ್ದು ವಿಜ್ಞಾನ ಬಿಡುತ್ತೀಯಾ?” ಎಂದು ಗದರಿಸಿ ವಿಜ್ಞಾನಕ್ಕೆ ಸೇರಿಸಿದೆ. ಅವನ ತಂದೆಯೂ ತಲೆಯಾಡಿಸಿದರು. ಪ್ಲಸ್ ಟು ಪರೀಕ್ಷೆಯಲ್ಲಿ ಎರಡು ವಿಷಯಗಳಲ್ಲಿ ಅವನು ಅನುತ್ತೀರ್ಣನಾದ. ಒಂದು ವರ್ಷ ಮನೆಯಲ್ಲಿ ಕುಳಿತ. ಆಮೇಲೆ ಬಿ.ಕಾಂ. ಮಾಡಿ ಈಗ ಸುಖವಾಗಿದ್ದಾನೆ. ದಾರಿಯಲ್ಲಿ ಸಿಕ್ಕರೆ ನಗುತ್ತಾನೆ. ಆದರೆ ಹದಿನೆಂಟರ ಹರೆಯದಲ್ಲಿ ಅವನು ಕಳೆದುಕೊಂಡ ಆ ವರ್ಷ ಮತ್ತು ಅದಕ್ಕಿಂತ ಹೆಚ್ಚಾಗಿ ಅವನ ಆತ್ಮವಿಶ್ವಾಸ, ಇವೆರಡಕ್ಕೂ ನಾನು ಹೊಣೆ. ಎಲ್ಲಕ್ಕಿಂತ ಕಠಿಣವಾದುದೇ ಎಲ್ಲಕ್ಕಿಂತ ಉತ್ತಮ ಎಂದು ಭಾವಿಸಿದ್ದೇ ಅಂದಿನ ನನ್ನ ತಪ್ಪು.

ಹಾಗಾದರೆ ನೋಡಬೇಕಾದದ್ದು ಏನನ್ನು? ಮಗುವಿಗೆ ಯಾವುದರಲ್ಲಿ ರುಚಿ ಎಂಬುದನ್ನು. ಜೊತೆಗೆ ಯಾವ ಆಯ್ಕೆ ಯಾವ ಬಾಗಿಲನ್ನು ಮುಚ್ಚುತ್ತದೆ ಎಂಬುದನ್ನು. ಜೀವಶಾಸ್ತ್ರವಿಲ್ಲದೆ ವೈದ್ಯಕೀಯವಿಲ್ಲ. ಗಣಿತವಿಲ್ಲದೆ ಎಂಜಿನಿಯರಿಂಗ್ ಇಲ್ಲ. ಕೃಷಿ ಪದವಿಯ ವಿಷಯ ನಮ್ಮ ಅಡಿಕೆ, ತೆಂಗಿನ ತೋಟದ ಮಕ್ಕಳು ವಿಶೇಷವಾಗಿ ಗಮನಿಸುವಂಥದ್ದು: ಕೇರಳದಲ್ಲಿ ಅದಕ್ಕೆ ಸೇರಿಸಿಕೊಳ್ಳುವುದು ನೀಟ್ ಅಂಕದ ಮೇಲೆ, ಕರ್ನಾಟಕದಲ್ಲಿ ಸಿಇಟಿ ಮೂಲಕ. ನಮ್ಮ ಜಿಲ್ಲೆಯ ಪಡನ್ನಕ್ಕಾಡಿನಲ್ಲೇ ಕೃಷಿ ಕಾಲೇಜಿದೆ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದ ಸಂಸ್ಥೆಯೊಂದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ಕಾಸರಗೋಡಿನಲ್ಲೇ ನಿಂತಿದೆ.

ವಾಣಿಜ್ಯ ತೆಗೆದುಕೊಳ್ಳುವವರು ಗಣಿತವನ್ನೋ ಕಂಪ್ಯೂಟರನ್ನೋ ಜೊತೆಗಿಟ್ಟುಕೊಳ್ಳುವ ಅವಕಾಶವಿದೆಯೇ ಎಂದು ವಿಚಾರಿಸಬೇಕು. ಮಾನವಿಕ ವಿಷಯಗಳನ್ನು ಆರಿಸುವವರಿಗೆ ಐದು ವರ್ಷದ ಕಾನೂನು ಪದವಿ, ಪತ್ರಿಕೋದ್ಯಮ, ಅಧ್ಯಾಪನ, ಆಡಳಿತ ಸೇವೆಯ ಪರೀಕ್ಷೆಗಳು ಎಲ್ಲವೂ ತೆರೆದಿವೆ. ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವೂ ಸೇರಿದಂತೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ತರಗತಿಗಳಿಗೆ 2022ರಿಂದ ನಡೆಯುತ್ತಿರುವ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಕನ್ನಡವೂ ಒಂದು ಭಾಷೆ. ಯಾವ ವಿಭಾಗವೂ ಕುರುಡು ಓಣಿಯಲ್ಲ.

ಅರ್ಜಿಯ ಆ ಒಂದು ಅಂಕಣ

‘ಏಕಜಾಲಕ’ವೆಂದು ಕರೆಯುವ ಕೇರಳದ ಆನ್‌ಲೈನ್ ಪ್ರವೇಶದಲ್ಲಿ ಶಾಲೆ ಮತ್ತು ವಿಷಯಗಳ ಜೋಡಿಯನ್ನು ಇಷ್ಟದ ಕ್ರಮದಲ್ಲಿ ತುಂಬಬೇಕು. ಮೊದಲು ಪ್ರಾಯೋಗಿಕ ಪಟ್ಟಿ ಬರುತ್ತದೆ. ತಪ್ಪು ತಿದ್ದಿಕೊಳ್ಳಲು ಅದೇ ಸಮಯ. ಬಳಿಕದ ಹಂಚಿಕೆಯಲ್ಲಿ ಮೊದಲ ಆಯ್ಕೆಯೇ ಸಿಕ್ಕಿದರೆ ಖಾಯಂ ಆಗಿ ಸೇರಬೇಕು. ಕೆಳಗಿನದು ಸಿಕ್ಕಿದರೆ ತಾತ್ಕಾಲಿಕವಾಗಿ ಸೇರಿ ಮೇಲಿನದಕ್ಕೆ ಕಾಯಬಹುದು. “ಬೇಕಾದದ್ದು ಸಿಗಲಿಲ್ಲ” ಎಂದು ಸುಮ್ಮನೆ ಕುಳಿತವರು ಸರದಿಯಿಂದಲೇ ಹೊರಬೀಳುತ್ತಾರೆ. ನಿಜವಾಗಿ ಓದಲು ಮನಸ್ಸಿಲ್ಲದ ವಿಷಯವನ್ನು ಪಟ್ಟಿ ತುಂಬಿಸಲಿಕ್ಕಾಗಿ ಮೇಲೆ ಬರೆಯಬಾರದು, ಬರೆದದ್ದೇ ಸಿಕ್ಕಿಬಿಡಬಹುದು.

ಅದೇ ಅರ್ಜಿಯ ಹಾದಿಯಲ್ಲಿ ಯಾರೂ ಹೆಚ್ಚು ಯೋಚಿಸದ ಪ್ರಶ್ನೆಯೊಂದು ಎದುರಾಗುತ್ತದೆ: ಎರಡನೆಯ ಭಾಷೆ ಯಾವುದು? ಅಂಕ ಸುಲಭವೆಂದೋ, ಗೆಳೆಯರು ತೆಗೆದುಕೊಂಡರೆಂದೋ, ಆರಿಸಿದ ಶಾಲೆಯಲ್ಲಿ ಕನ್ನಡವಿಲ್ಲವೆಂದೋ ಕನ್ನಡ ಮಾಧ್ಯಮದ ಮಕ್ಕಳೇ ಬೇರೆ ಭಾಷೆಗೆ ಸರಿಯುವುದನ್ನು ನೋಡಿದ್ದೇನೆ. ಮಕ್ಕಳು ಕಡಿಮೆಯಾದಲ್ಲಿ ಅಧ್ಯಾಪಕರ ಹುದ್ದೆ ಅಲುಗುತ್ತದೆ. ಹುದ್ದೆ ಹೋದಲ್ಲಿ ಮುಂದಿನ ವರ್ಷ ಬರುವ ಮಗುವಿಗೆ ಆಯ್ಕೆಯೇ ಇರುವುದಿಲ್ಲ. ಇದು ಅಭಿಮಾನದ ಮಾತು ಮಾತ್ರವಲ್ಲ. ಗಡಿನಾಡಿನ ಅವಕಾಶಕ್ಕೆ ಬರೆಯಬೇಕಾದದ್ದು ಕನ್ನಡದ ಪರೀಕ್ಷೆ. ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕ ಹುದ್ದೆಗೆ ಕೇರಳ ಲೋಕಸೇವಾ ಆಯೋಗ ಕರೆಯುವುದು ಪ್ರತ್ಯೇಕ ಅರ್ಜಿ. ಹತ್ತಕ್ಕೇ ಕನ್ನಡ ಬಿಟ್ಟ ಮಗು ಎರಡು ಬಾಗಿಲುಗಳಲ್ಲಿ ಒಂದನ್ನು ತನ್ನ ಕೈಯಾರೆ ಸಡಿಲಿಸಿಕೊಂಡಂತೆ.

ಮಗಳ ಪ್ರಶ್ನೆ

ಇಷ್ಟನ್ನೂ ಅಂದು ಸಂಜೆ ಆ ತಂದೆಗೆ ಹೇಳಿದೆ. ಹೋಗಲೇಬೇಡಿ ಎಂದು ಹೇಳಲಿಲ್ಲ. ಅನುಕೂಲವಿದ್ದು, ಮಗುವಿಗೂ ಇಷ್ಟವಿದ್ದು ಮಂಗಳೂರಿಗೆ ಕಳುಹಿಸುವುದರಲ್ಲಿ ತಪ್ಪೇನಿಲ್ಲ. ಇಲ್ಲಿ ಓದಿದರೆ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆಯಿಂದ ಮಾತ್ರ ಕಳುಹಿಸಬೇಡಿ ಎಂದೆ. ಅವರು ಕೈಪಿಡಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು.

ಆಗ ಮಗಳು ಮೊದಲ ಬಾರಿಗೆ ಬಾಯಿಬಿಟ್ಟಳು. “ಮಾಷ್ಟ್ರೇ, ಜೀವಶಾಸ್ತ್ರ ನನಗೆ ಇಷ್ಟ. ಆದರೆ ಡಾಕ್ಟರಾಗುವ ಆಸೆ ಇಲ್ಲ. ಹಾಗಿದ್ದರೆ ತೆಗೆದುಕೊಳ್ಳಬಾರದಾ?”

ತಂದೆ ಅವಳ ಮುಖವನ್ನು ನೋಡಿದರು. ಎರಡು ತಿಂಗಳಿಂದ ಆ ಮನೆಯಲ್ಲಿ ನಡೆದ ಚರ್ಚೆಯಲ್ಲಿ ಈ ಪ್ರಶ್ನೆಯನ್ನು ಕೇಳಲು ಅವಳಿಗೆ ಎಡೆಯೇ ಸಿಕ್ಕಿರಲಿಲ್ಲವೆಂದು ತೋರುತ್ತದೆ. ತೆಗೆದುಕೊಳ್ಳಬಹುದು ಮಗಾ, ಸಸ್ಯಗಳನ್ನೂ ಮಣ್ಣನ್ನೂ ಅಡಿಕೆಯ ಕೊಳೆರೋಗವನ್ನೂ ಓದುವುದಕ್ಕೆ ಬೇಕಾದದ್ದೂ ಅದೇ ವಿಷಯ ಎಂದೆ. ಕೊಳೆರೋಗವೆಂದಾಗ ತಂದೆ ಸಣ್ಣಗೆ ನಕ್ಕರು.

ಅರ್ಜಿ ತುಂಬುವ ದಿನ ಅವಳು ಫೋನು ಮಾಡಿದ್ದಳು. ಶಾಲೆಗಳ ಪಟ್ಟಿಯನ್ನು ತಾನೇ ಬರೆದಿದ್ದಾಳಂತೆ. ಅಪ್ಪ ಪಕ್ಕದಲ್ಲಿ ಕುಳಿತು ಬರಿದೆ ನೋಡುತ್ತಿದ್ದರಂತೆ. ಎರಡನೆಯ ಭಾಷೆಯ ಬಗ್ಗೆ ನಾನು ಕೇಳುವ ಮೊದಲೇ ಹೇಳಿದಳು. ಅಮ್ಮನ ಚಿನ್ನ ಅಮ್ಮನ ಪೆಟ್ಟಿಗೆಯಲ್ಲೇ ಉಳಿಯಿತು.